ಬಾಗಿಲು ದಾಟಿ ಬಂದವರು: ‘ರೆಸಿಡೆಂಟ್ ಈವಿಲ್’ ವಿಲನ್‌ಗಳು ಮನಸ್ಸಿನಿಂದ ಯಾಕೆ ಹೋಗುವುದಿಲ್ಲ

ಒಂದು ಕೋಣೆ. ಅದರಲ್ಲೊಂದು ಝಾಂಬಿ. ನಿಮ್ಮ ಪಿಸ್ತೂಲಿನಲ್ಲಿ ಇರುವುದು ನಾಲ್ಕೇ ಗುಂಡು. ಏನು ಮಾಡುತ್ತೀರಿ? ಓಡಿ ಹೋಗಿ ಪಕ್ಕದ ಕೋಣೆಗೆ ಸೇರಿಕೊಳ್ಳುತ್ತೀರಿ. ಪರದೆ ಕಪ್ಪಾಗುತ್ತದೆ. ಬಾಗಿಲೊಂದು ಕಿರುಗುಟ್ಟುತ್ತಾ ನಿಧಾನವಾಗಿ ತೆರೆಯುತ್ತದೆ. ಆಚೆ ಕಾಲಿಟ್ಟರೆ ಹಿಂದಿನ ಕೋಣೆಯ ಕಾಟ ಅಲ್ಲಿಗೇ ಮುಗಿಯಿತು. 1996ರಲ್ಲಿ ಬಂದ ಮೊದಲ ‘ರೆಸಿಡೆಂಟ್ ಈವಿಲ್’ ವಿಡಿಯೊ ಗೇಮ್ ಆಡಿದವರೆಲ್ಲ ಬೇಗ ಕಲಿತ ಪಾಠ ಇದು. ಬಾಗಿಲು ದಾಟಿದರೆ ಬಚಾವ್.

ಮೂರು ವರ್ಷ ಕಳೆದು, 1999ರಲ್ಲಿ, ಮೂರನೇ ಆಟ ಬಂತು. ಅದರಲ್ಲಿ ಕಪ್ಪು ಕೋಟು ತೊಟ್ಟ ಒಂದು ದೈತ್ಯ ನಿಮ್ಮ ಬೆನ್ನು ಹತ್ತುತ್ತದೆ. ಹೆಸರು ನೆಮೆಸಿಸ್. ಹಳೇ ಅಭ್ಯಾಸದಂತೆ ನೀವು ಓಡಿ ಬಾಗಿಲು ದಾಟುತ್ತೀರಿ. ಉಸಿರು ಬಿಡುತ್ತೀರಿ. ಅಷ್ಟರಲ್ಲಿ ಹಿಂದೆ ಅದೇ ಬಾಗಿಲು ಮತ್ತೆ ತೆರೆಯುತ್ತದೆ.

ನಮ್ಮಲ್ಲಿ ಒಂದು ಕಾಲದಲ್ಲಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು, ನೆನಪಿದೆಯಾ? ರಾತ್ರಿ ಬಂದು ಬಾಗಿಲು ಬಡಿಯುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತದೆ ಎನ್ನುವ ನಂಬಿಕೆ. ದೆವ್ವವೂ ಹೊಸ್ತಿಲಿಗೆ ಮರ್ಯಾದೆ ಕೊಡುತ್ತದೆ ಎನ್ನುವ ಧೈರ್ಯ ಆ ಎರಡು ಪದಗಳ ಹಿಂದೆ ಇತ್ತು. ನೆಮೆಸಿಸ್ ಆಟಗಾರರಿಂದ ಕಿತ್ತುಕೊಂಡದ್ದು ಇಂಥದ್ದೇ ಧೈರ್ಯವನ್ನು.

ಈ ಸರಣಿಯ ವಿಲನ್‌ಗಳ ಬಗ್ಗೆ ಮಾತು ಬಂದಾಗ ಯಾರು ಜಾಸ್ತಿ ಬಲಶಾಲಿ, ಯಾರ ರೂಪ ಜಾಸ್ತಿ ಭಯಂಕರ ಎನ್ನುವ ಚರ್ಚೆಯೇ ಹೆಚ್ಚು ನಡೆಯುತ್ತದೆ. ನನಗೆ ಆ ಲೆಕ್ಕ ಸರಿ ಅನಿಸುವುದಿಲ್ಲ. ಹಲ್ಲು, ಉಗುರು, ಎತ್ತರ ಎಲ್ಲ ಆಟಗಳಲ್ಲೂ ಸಿಗುತ್ತವೆ. ಇಲ್ಲಿ ನೆನಪಿನಲ್ಲಿ ಉಳಿದವರನ್ನು ನೋಡಿದರೆ, ಹೆಚ್ಚಿನವರು ನಾವು ಆಡುವಾಗ ನೆಚ್ಚಿಕೊಂಡಿದ್ದ ಒಂದು ಆಸರೆಯನ್ನು ಕಿತ್ತುಕೊಂಡವರು. ಹಾಗೆ ಏನನ್ನೂ ಕಿತ್ತುಕೊಳ್ಳದವರು ಎಷ್ಟೇ ದೊಡ್ಡದಾಗಿದ್ದರೂ ಮರೆತು ಹೋಗಿದ್ದಾರೆ. (ಮುಂದೆ ಕಥೆಯ ಗುಟ್ಟುಗಳೆಲ್ಲ ಬರುತ್ತವೆ. ಇನ್ನೂ ಆಡದವರು ಆಡಿ ಬಂದು ಓದಿದರೆ ಒಳ್ಳೆಯದು.)

ಮೊದಲು ಸ್ವಲ್ಪ ಹಿನ್ನೆಲೆ. ಈ ಸರಣಿ ಜಪಾನಿನ ಒಸಾಕಾದ ಕ್ಯಾಪ್‌ಕಾಮ್ ಕಂಪನಿಯದು. ಜಪಾನಿನಲ್ಲಿ ಇದರ ಹೆಸರು ‘ಬಯೋಹಜಾರ್ಡ್’. ಮೊದಲ ಆಟದ ನಿರ್ದೇಶಕ ಶಿಂಜಿ ಮಿಕಾಮಿ. 1989ರಲ್ಲಿ ಅದೇ ಕಂಪನಿ ಮಾಡಿದ್ದ ‘ಸ್ವೀಟ್ ಹೋಮ್’ ಎಂಬ ಭೂತಬಂಗಲೆಯ ಆಟ ಇದಕ್ಕೆ ಮೂಲ ಸ್ಫೂರ್ತಿ. ಆದರೆ ಇಲ್ಲಿ ಭೂತ ಇಲ್ಲ, ಕಂಪನಿ ಇದೆ. ಅಂಬ್ರೆಲಾ ಎಂಬ ಔಷಧ ಕಂಪನಿ. ಹೊರಗೆ ಮಾತ್ರೆ, ಔಷಧ ಮಾರುತ್ತದೆ. ಒಳಗೆ ಯುದ್ಧಕ್ಕೆ ಮಾರಲು ಜೀವಂತ ಆಯುಧ ತಯಾರು ಮಾಡುತ್ತದೆ.

ಟಿ-ವೈರಸ್, ಜಿ-ವೈರಸ್ ಎಂಬ ಹೆಸರುಗಳು ಹೊಸಬರಿಗೆ ತಲೆ ತಿರುಗಿಸುತ್ತವೆ. ಅಷ್ಟೇನೂ ಕಷ್ಟವಿಲ್ಲ. ಆಫ್ರಿಕಾದ ಒಂದು ಹೂವಿನಲ್ಲಿ ಸಿಕ್ಕ ಮೂಲ ವೈರಸ್ ಒಂದು. ಅದರಿಂದ ತಯಾರಾದದ್ದು ಟಿ-ವೈರಸ್. ‘ಟಿ’ ಎಂದರೆ ಟೈರಂಟ್, ಆಜ್ಞೆ ಕೇಳುವ ದೈತ್ಯ ಸೈನಿಕ. ಕಂಪನಿಗೆ ಬೇಕಿದ್ದದ್ದು ಅದೇ ಟೈರಂಟ್. ದಾರಿಯಲ್ಲಿ ಕೊಳೆತು ನಡೆಯುವ ಝಾಂಬಿಗಳು ಸೋರಿಕೆಯಿಂದ ಆದ ಅನಾಹುತ ಅಷ್ಟೇ. ಅಂದರೆ ಇಲ್ಲಿ ನಿಮ್ಮನ್ನು ಕಚ್ಚಲು ಬರುವ ಬಹುಪಾಲು ಜೀವಿಗಳು ವಿಲನ್‌ಗಳಲ್ಲ. ಅವು ಯಾರದೋ ಕೆಲಸದ ಫಲ. ವಿಲನ್ ಬೇರೆ ಎಲ್ಲೋ ಕೂತಿರುತ್ತಾನೆ. ಕೆಲವು ಸಲ ನಿಮ್ಮ ಪಕ್ಕದಲ್ಲೇ.

ಪಕ್ಕದಲ್ಲೇ ಇದ್ದವನು ಆಲ್ಬರ್ಟ್ ವೆಸ್ಕರ್. ಮೊದಲ ಆಟದಲ್ಲಿ ಅವನು ಪೊಲೀಸರ ವಿಶೇಷ ಪಡೆ ‘ಸ್ಟಾರ್ಸ್’ನ ಕ್ಯಾಪ್ಟನ್. ನೀವು ಆಡುವ ಕ್ರಿಸ್ ರೆಡ್‌ಫೀಲ್ಡ್, ಜಿಲ್ ವ್ಯಾಲೆಂಟೈನ್ ಇಬ್ಬರಿಗೂ ಮೇಲಧಿಕಾರಿ. ಕಥೆಯ ಪ್ರಕಾರ 1998ರ ಜುಲೈ ರಾತ್ರಿ, ರಕೂನ್ ಸಿಟಿ ಎಂಬ ಊರಿನ ಪಕ್ಕದ ಕಾಡಿನಲ್ಲಿ ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ. ಎಲ್ಲರೂ ಒಂದು ಹಳೇ ಬಂಗಲೆಯೊಳಗೆ ನುಗ್ಗುತ್ತಾರೆ. ಏನು ಮಾಡಬೇಕೆಂದು ಹೇಳುವವನು ವೆಸ್ಕರ್. ರಾತ್ರಿ ಹೊತ್ತಲ್ಲೂ ಕಪ್ಪು ಕನ್ನಡಕ. ಅದೇ ಮೊದಲ ಸುಳಿವು, ಆದರೆ ಯಾರೂ ಅದನ್ನು ಸುಳಿವು ಅಂದುಕೊಳ್ಳಲಿಲ್ಲ.

ಕೊನೆಗೆ ಗೊತ್ತಾಗುತ್ತದೆ, ಅವನು ಮೊದಲಿನಿಂದಲೂ ಅಂಬ್ರೆಲಾದ ಮನುಷ್ಯ. ತನ್ನದೇ ಪಡೆಯನ್ನು ಆ ಬಂಗಲೆಗೆ ತಂದದ್ದು ದೈತ್ಯರ ಹೋರಾಟ ಹೇಗಿರುತ್ತದೆ ಎಂಬ ಮಾಹಿತಿ ಸಂಗ್ರಹಿಸಲು. ಅದೇ ಪಡೆಯ ಬ್ಯಾರಿ ಎಂಬ ಒಳ್ಳೆಯ ಮನಸ್ಸಿನವನನ್ನು ‘ನಿನ್ನ ಹೆಂಡತಿ ಮಕ್ಕಳು ಉಳಿಯುವುದಿಲ್ಲ’ ಎಂದು ಹೆದರಿಸಿ ತನ್ನ ಕೆಲಸ ಮಾಡಿಸಿಕೊಂಡಿರುತ್ತಾನೆ. ದ್ರೋಹ ಮಾಡುವ ಪಾತ್ರ ಹೊಸದೇನಲ್ಲ. ಆದರೆ ಆಟದಲ್ಲಿ ಅದರ ಪೆಟ್ಟು ಬೇರೆ. ಸಿನಿಮಾ ನೋಡುವಾಗ ನಾವು ಆಚೆ ಕೂತಿರುತ್ತೇವೆ. ಇಲ್ಲಿ ಅವನು ಹೇಳಿದ ಕಡೆ ಕಾಲಿಟ್ಟವರು ನಾವೇ. ಆಟ ನಮಗೆ ಕೊಟ್ಟಿದ್ದ ಮೊದಲ ಆಸರೆ ಕ್ಯಾಪ್ಟನ್. ಅದೇ ಪೊಳ್ಳಾಗಿತ್ತು.

ಅವನು ತಾನೇ ಮೆಚ್ಚಿಕೊಂಡ ಟೈರಂಟ್ ಕೈಯಿಂದಲೇ ಅಲ್ಲಿ ಸಾಯುತ್ತಾನೆ. ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ 2000ದಲ್ಲಿ ಬಂದ ‘ಕೋಡ್ ವೆರೋನಿಕಾ’ದಲ್ಲಿ ಅವನು ಎದ್ದು ಬಂದ. ಸಾಯುವ ಮೊದಲು ಒಂದು ವೈರಸ್ ಚುಚ್ಚಿಕೊಂಡಿದ್ದ ಎಂಬ ವಿವರಣೆ ಸಿಕ್ಕಿತು. ಕನ್ನಡಕದ ಹಿಂದೆ ಈಗ ಹೊಳೆಯುವ ಕಣ್ಣು, ಮನುಷ್ಯರಿಗೆ ಇಲ್ಲದ ವೇಗ. 2009ರ ಐದನೇ ಆಟದಲ್ಲಿ ಇಡೀ ಜಗತ್ತಿಗೆ ಯುರೊಬೊರೋಸ್ ಎಂಬ ವೈರಸ್ ಹರಡಿ, ಉಳಿದವರಿಗೆ ತಾನೇ ದೇವರಾಗಲು ಹೊರಡುತ್ತಾನೆ.

ಇಲ್ಲಿ ನನ್ನ ಅಭಿಪ್ರಾಯ ತುಂಬಾ ಜನರಿಗೆ ಒಪ್ಪಿಗೆಯಾಗಲಿಕ್ಕಿಲ್ಲ. ಐದನೇ ಆಟದ ವೆಸ್ಕರ್ ನೋಡಲು ಚೆಂದ. ಅವನ ದನಿ, ನಡಿಗೆ, ಕೋಟು ಎಲ್ಲಾ ಕಣ್ಣಿಗೆ ಹಬ್ಬ. ಆದರೆ ಅವನಿಗೆ ಹೆದರಿದವರು ಕಮ್ಮಿ. ದೇವರಾಗಲು ಹೊರಟವನು ನಮ್ಮಿಂದ ಕಿತ್ತುಕೊಳ್ಳುವುದು ಏನನ್ನು? ಜಗತ್ತನ್ನು. ಜಗತ್ತು ತುಂಬಾ ದೊಡ್ಡದು, ಆಡುವವರ ಕೈಗೆ ಅದು ಸಿಗುವುದಿಲ್ಲ. ಕ್ಯಾಪ್ಟನ್ ಸಿಗುತ್ತಾನೆ. ಜ್ವಾಲಾಮುಖಿಯ ಬೆಂಕಿಯಲ್ಲಿ ಸತ್ತ ವೆಸ್ಕರ್‌ಗಿಂತ, ಬಂಗಲೆಯ ಹಜಾರದಲ್ಲಿ ಶಾಂತವಾಗಿ ಆದೇಶ ಕೊಡುತ್ತಿದ್ದ ವೆಸ್ಕರ್ ನನಗೆ ಜಾಸ್ತಿ ಭಯ ಹುಟ್ಟಿಸುತ್ತಾನೆ.

ಆದರೂ ಆ ಐದನೇ ಆಟದಲ್ಲಿ ಒಂದು ದೃಶ್ಯ ಇದೆ. ಅದು ಅವನನ್ನು ಮತ್ತೆ ಮನುಷ್ಯನನ್ನಾಗಿ ಮಾಡುತ್ತದೆ. ಅಂಬ್ರೆಲಾವನ್ನು 1968ರಲ್ಲಿ ಕಟ್ಟಿದವರಲ್ಲಿ ಮುಖ್ಯನಾದ ಓಸ್ವೆಲ್ ಸ್ಪೆನ್ಸರ್ ಗಾಲಿಕುರ್ಚಿಯಲ್ಲಿ ಕೂತ ಮುದುಕ. ಅವನು ವೆಸ್ಕರ್‌ಗೆ ನಿಜ ಹೇಳುತ್ತಾನೆ: ನೀನೂ ನಾನು ತಯಾರಿಸಿದವನೇ. ಹೊಸ ಮನುಷ್ಯಕುಲ ಬೆಳೆಸಲು ಎಷ್ಟೋ ಮಕ್ಕಳನ್ನು ತಂದು ಎಲ್ಲರಿಗೂ ‘ವೆಸ್ಕರ್’ ಎಂದೇ ಹೆಸರಿಟ್ಟಿದ್ದರು. ಎಲ್ಲರನ್ನೂ ತನ್ನ ಪ್ರಯೋಗದ ವಸ್ತು ಅಂದುಕೊಂಡಿದ್ದವನು ತಾನೇ ಪ್ರಯೋಗದ ವಸ್ತು. ವೆಸ್ಕರ್ ಆ ಮುದುಕನನ್ನು ಅಲ್ಲೇ ಕೊಲ್ಲುತ್ತಾನೆ. ಆಮೇಲೆ ಅವನಿಗೆ ಹತ್ತುವ ದೇವರಾಗುವ ಹುಚ್ಚು ಆ ಅವಮಾನದಿಂದಲೇ ಹುಟ್ಟಿದ್ದು ಅಂತ ನನಗೆ ಅನಿಸುತ್ತದೆ.

ಈಗ ಮತ್ತೆ ಬಾಗಿಲಿಗೆ ಬರೋಣ. ನೆಮೆಸಿಸ್ ಸುಮ್ನೆ ಒಂದು ಟೈರಂಟ್ ಅಲ್ಲ. ಅದರ ಮೈಯೊಳಗೆ ಒಂದು ಪರಾವಲಂಬಿ ಜೀವಿಯನ್ನು ಸೇರಿಸಿ ಬುದ್ಧಿ ಕೊಟ್ಟಿದ್ದಾರೆ. ಅದಕ್ಕೆ ಒಂದೇ ಕೆಲಸ: ಬಂಗಲೆಯಿಂದ ಬದುಕಿ ಬಂದ ಸ್ಟಾರ್ಸ್ ಪಡೆಯವರನ್ನು ಹುಡುಕಿ ಮುಗಿಸುವುದು. ಯಾಕೆಂದರೆ ಅವರು ಸಾಕ್ಷಿಗಳು. ಅದಕ್ಕೆ ಬರುವುದು ಒಂದೇ ಪದ, ‘ಸ್ಟಾರ್ಸ್’. ಆಟದ ಶುರುವಿನಲ್ಲೇ ಪೊಲೀಸ್ ಠಾಣೆಯ ಮುಂದೆ ಬ್ರಾಡ್ ಎಂಬ ಜಿಲ್‌ನ ಸಹೋದ್ಯೋಗಿಯನ್ನು ಕೊಲ್ಲುತ್ತದೆ. ಮೊದಲ ಆಟದಲ್ಲಿ ಹೆದರಿ ಹೆಲಿಕಾಪ್ಟರ್ ಹಾರಿಸಿಕೊಂಡು ಹೋಗಿ, ಕೊನೆಗೆ ವಾಪಸ್ ಬಂದು ಎಲ್ಲರನ್ನೂ ಉಳಿಸಿದ್ದವನು ಅವನೇ. ಅವನ ಸಾವು ನೋಡಿದ ಮೇಲೆ ಆ ಪದ ಕೇಳಿದರೆ ಸಾಕು, ಕೈ ತಾನಾಗಿ ಓಡುವ ಗುಂಡಿ ಒತ್ತುತ್ತದೆ.

ಬಾಗಿಲು ದಾಟಿ ಬರುವುದು ಕಾಗದದ ಮೇಲೆ ಸಣ್ಣ ಬದಲಾವಣೆ. ಆದರೆ ಅದು ಬದಲಾಯಿಸಿದ್ದು ಆಡುವ ರೀತಿಯನ್ನೇ. ಮೊದಲು ನೀವು ಒಂದೊಂದೇ ಕೋಣೆಯ ಲೆಕ್ಕ ಇಟ್ಟುಕೊಳ್ಳುತ್ತಿದ್ದಿರಿ. ಇದು ಖಾಲಿ, ಅದರಲ್ಲಿ ಎರಡು ಝಾಂಬಿ, ಅಲ್ಲಿಗೆ ಆಮೇಲೆ ಹೋಗೋಣ ಅಂತ. ಈಗ ಆ ಲೆಕ್ಕಕ್ಕೆ ಬೆಲೆ ಇಲ್ಲ. ಜತೆಗೆ ಒಂದು ಆಸೆಯನ್ನೂ ಇಟ್ಟಿದ್ದಾರೆ. ಓಡದೆ ನಿಂತು ನೆಮೆಸಿಸ್‌ನನ್ನು ಕೆಡವಿದರೆ ಒಳ್ಳೆಯ ವಸ್ತುಗಳು ಸಿಗುತ್ತವೆ. ಭಯ ಓಡು ಅನ್ನುತ್ತದೆ, ಆಸೆ ನಿಲ್ಲು ಅನ್ನುತ್ತದೆ. ಈ ಎಳೆದಾಟ ಇಲ್ಲದಿದ್ದರೆ ನೆಮೆಸಿಸ್ ಇಷ್ಟು ನೆನಪಿನಲ್ಲಿ ಉಳಿಯುತ್ತಿರಲಿಲ್ಲ.

ಇದೇ ಯೋಚನೆ ಇಪ್ಪತ್ತು ವರ್ಷದ ಮೇಲೆ ಇನ್ನೂ ಹದವಾಗಿ ಬಂತು. 1998ರ ಎರಡನೇ ಆಟದಲ್ಲಿ ಮಿಸ್ಟರ್ ಎಕ್ಸ್ ಎಂದು ಆಟಗಾರರು ಕರೆಯುವ ಟೈರಂಟ್ ಇತ್ತು. ಅಲ್ಲೊಮ್ಮೆ ಇಲ್ಲೊಮ್ಮೆ ಗೋಡೆ ಒಡೆದು ಬರುತ್ತಿತ್ತು. ಅದೇ ಆಟವನ್ನು 2019ರಲ್ಲಿ ಹೊಸದಾಗಿ ಮಾಡಿದಾಗ ಅವನಿಗೆ ಇಡೀ ಪೊಲೀಸ್ ಠಾಣೆಯನ್ನೇ ಬಿಟ್ಟುಕೊಟ್ಟರು. ಉರುಳಿ ಬಿದ್ದ ಹೆಲಿಕಾಪ್ಟರನ್ನು ಒಂದೇ ಕೈಯಲ್ಲಿ ಎತ್ತಿ ಸರಿಸಿ ಒಳಗೆ ಬರುತ್ತಾನೆ. ಆಮೇಲೆ ಓಡುವುದಿಲ್ಲ. ನಡೆಯುತ್ತಾನೆ. ತಲೆಯ ಮೇಲೆ ಟೋಪಿ, ಮುಖದಲ್ಲಿ ಏನೂ ಇಲ್ಲ. ಎಷ್ಟು ಗುಂಡು ಹೊಡೆದರೂ ಸ್ವಲ್ಪ ಹೊತ್ತು ಮಂಡಿಯೂರುತ್ತಾನೆ ಅಷ್ಟೇ, ಮತ್ತೆ ಏಳುತ್ತಾನೆ.

ಹೆಡ್‌ಫೋನ್ ಹಾಕಿಕೊಂಡು ರಾತ್ರಿ ಆಡಿ ನೋಡಿ. ಮೇಲಿನ ಮಹಡಿಯಲ್ಲಿ ಬೂಟಿನ ಸದ್ದು. ಧಡ್, ಧಡ್. ನೀವು ಗ್ರಂಥಾಲಯದಲ್ಲಿ ಒಗಟು ಬಿಡಿಸುತ್ತಿದ್ದೀರಿ. ಸದ್ದು ಜೋರಾಗುತ್ತಿದೆಯಾ, ಕಮ್ಮಿಯಾಗುತ್ತಿದೆಯಾ? ಮೆಟ್ಟಿಲು ಇಳಿಯುತ್ತಿದ್ದಾನಾ? ಎದುರು ಬಂದ ಝಾಂಬಿಗೆ ಗುಂಡು ಹೊಡೆದರೆ ಆ ಸದ್ದಿಗೇ ಬಂದುಬಿಡುತ್ತಾನೆ. ನೆಮೆಸಿಸ್ ಬಾಗಿಲನ್ನು ಕಿತ್ತುಕೊಂಡಿತ್ತು, ಇವನು ನಿಶ್ಶಬ್ದವನ್ನು ಕಿತ್ತುಕೊಂಡ. ಸದ್ದು ಕೇಳಿದರೆ ಭಯ, ನಿಂತರೆ ಇನ್ನೂ ಭಯ. ಆ ಠಾಣೆಯಲ್ಲಿ ಆಟವನ್ನು ಸೇವ್ ಮಾಡಲು ಬೆರಳಚ್ಚು ಯಂತ್ರ ಇಟ್ಟ, ಅವನು ಕಾಲಿಡದ ಕೋಣೆ ಸಿಕ್ಕಿ, ಆ ಮೆಲು ಸಂಗೀತ ಕಿವಿಗೆ ಬಿದ್ದಾಗ ಆಗುವ ಸಮಾಧಾನಕ್ಕೆ ಕಾರಣವೂ ಅವನೇ.

ನಾಲ್ಕನೇ ಆಟದ ಬಗ್ಗೆ ಒಂದು ಮಾತು ಹೇಳಲೇಬೇಕು. 2005ರಲ್ಲಿ ಬಂದ ಅದು ಇಡೀ ಸರಣಿಯಲ್ಲೇ ಅತ್ಯಂತ ಚೆನ್ನಾಗಿ ಕಟ್ಟಿದ ಆಟಗಳಲ್ಲೊಂದು. ಆದರೂ ಅದರ ಮುಖ್ಯ ವಿಲನ್ ಸ್ಯಾಡ್ಲರ್ ತುಂಬಾ ಜನರಿಗೆ ನೆನಪಿಲ್ಲ. ಸ್ಪೇನಿನ ಒಂದು ಹಳ್ಳಿಯಲ್ಲಿ ಪಂಥ ಕಟ್ಟಿ, ಪರಾವಲಂಬಿ ಹುಳದಿಂದ ಜನರ ಮನಸ್ಸನ್ನೇ ಹಿಡಿದಿಟ್ಟವನು. ಯೋಜನೆ ದೊಡ್ಡದು, ಭಾಷಣವೂ ದೊಡ್ಡದು. ಆಡುವವರಿಂದ ಅವನು ಕಿತ್ತುಕೊಂಡದ್ದು ಏನೂ ಇಲ್ಲ. ಬದಲಿಗೆ ಎಲ್ಲರಿಗೂ ನೆನಪಿರುವುದು ಅದೇ ಹಳ್ಳಿಯ, ತಲೆಗೆ ಗೋಣಿಚೀಲ ಹಾಕಿಕೊಂಡ, ಒಂದು ಮಾತೂ ಆಡದ, ಮರ ಕೊಯ್ಯುವ ಚೈನ್‌ಸಾ ಹಿಡಿದ ಆಳು. ನಿಮ್ಮ ಮೈಯಲ್ಲಿ ಪೂರ್ತಿ ಶಕ್ತಿ ಇದ್ದರೂ ಅವನ ಒಂದೇ ಏಟಿಗೆ ತಲೆ ಹೋಗುತ್ತದೆ. ಪರದೆಯ ಮೂಲೆಯಲ್ಲಿ ಹಸಿರಾಗಿ ಕಾಣುವ ಆರೋಗ್ಯದ ಗುರುತನ್ನು ನಂಬಿ ಆಡುತ್ತಿದ್ದವರಿಗೆ ಆ ಹಸಿರು ಸುಳ್ಳು ಎಂದು ತೋರಿಸಿದವನು ಅವನು. ಅವನ ಯಂತ್ರದ ಸದ್ದು ದೂರದಲ್ಲಿ ಶುರುವಾದರೆ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ.

ಇನ್ನು ಲೀಸಾ ಟ್ರೆವರ್. ಅವಳನ್ನು ವಿಲನ್ ಅನ್ನಬೇಕೋ ಬೇಡವೋ ಎಂದು ನನಗೆ ಇವತ್ತಿಗೂ ನಿರ್ಧಾರಕ್ಕೆ ಬರಲು ಆಗಿಲ್ಲ. 1996ರ ಆಟದಲ್ಲಿ ಅವಳು ಇರಲಿಲ್ಲ. ಮಿಕಾಮಿ 2002ರಲ್ಲಿ ಅದೇ ಆಟವನ್ನು ಹೊಸದಾಗಿ ಮಾಡಿದಾಗ ಸೇರಿಸಿದ ಪಾತ್ರ. ಬಂಗಲೆ ಆಚೆ, ಕಾಡಿನ ಒಂದು ಗುಡಿಸಲಿಗೆ ಹೋಗುತ್ತೀರಿ. ಹಿಂದಿನಿಂದ ಸರಪಳಿ ಎಳೆಯುವ ಸದ್ದು. ಬಾಗಿದ ಬೆನ್ನಿನ, ಕೈಗೆ ಕೋಳ ಹಾಕಿದ ಒಂದು ಆಕೃತಿ. ಮುಖದ ಮೇಲೆ ಬೇರೆಯವರ ಮುಖದ ಚರ್ಮ ಹೊಲಿದುಕೊಂಡಿದೆ. ಗುಂಡು ಹೊಡೆಯುತ್ತೀರಿ, ಬೀಳುತ್ತದೆ, ಏಳುತ್ತದೆ. ಎಷ್ಟು ಸಲ ಹೊಡೆದರೂ ಅಷ್ಟೇ.

ಆಮೇಲೆ ಅಲ್ಲಲ್ಲಿ ಸಿಗುವ ಹಳೇ ಕಾಗದಗಳನ್ನು ಓದುತ್ತೀರಿ. ಆ ಬಂಗಲೆಯನ್ನು ಕಟ್ಟಿಸಿದ್ದು ಸ್ಪೆನ್ಸರ್, ವಿನ್ಯಾಸ ಮಾಡಿದ್ದು ಜಾರ್ಜ್ ಟ್ರೆವರ್ ಎಂಬ ವಾಸ್ತುಶಿಲ್ಪಿ. ಗುಟ್ಟಿನ ದಾರಿ, ಒಗಟಿನ ಬಾಗಿಲು ಎಲ್ಲಾ ಅವನ ಕೈಚಳಕ. 1967ರ ನವೆಂಬರಿನಲ್ಲಿ ಸ್ಪೆನ್ಸರ್ ಅವನ ಸಂಸಾರವನ್ನು ಆತಿಥ್ಯಕ್ಕೆ ಕರೆಯುತ್ತಾನೆ. ಹೆಂಡತಿ ಜೆಸ್ಸಿಕಾ, ಮಗಳು ಲೀಸಾ ಮೊದಲೇ ಬರುತ್ತಾರೆ. ಇಬ್ಬರನ್ನೂ ಹಿಡಿದು ವೈರಸ್ ಚುಚ್ಚುತ್ತಾರೆ. ತಾಯಿ ಉಳಿಯುವುದಿಲ್ಲ. ಮಗಳು ಸಾಯುವುದೇ ಇಲ್ಲ. ತಂದೆ ತಾನೇ ಕಟ್ಟಿದ ಬಂಗಲೆಯ ಸುಳಿಯಲ್ಲಿ ಸಿಕ್ಕಿಕೊಂಡು, ತನ್ನ ಹೆಸರು ಕೆತ್ತಿದ ಸಮಾಧಿಯನ್ನು ಕಂಡು ಅಲ್ಲೇ ಪ್ರಾಣ ಬಿಡುತ್ತಾನೆ. ಲೀಸಾ ಮೂವತ್ತು ವರ್ಷ ಆ ನೆಲಮಾಳಿಗೆಯಲ್ಲಿ ಅಮ್ಮನನ್ನು ಹುಡುಕುತ್ತಾಳೆ. ಆ ಮುಖಗಳನ್ನು ಕಿತ್ತದ್ದು ಅಮ್ಮನಿಗೆ ಅವಳ ಮುಖ ವಾಪಸ್ ಕೊಡಬೇಕು ಎಂಬ ಹಂಬಲದಿಂದ.

ಕೊನೆಗೆ ಒಂದು ಶವಪೆಟ್ಟಿಗೆ ತೆರೆದಾಗ ಒಳಗೆ ಜೆಸ್ಸಿಕಾಳ ತಲೆಬುರುಡೆ. ಲೀಸಾ ಅದನ್ನು ಎದೆಗೆ ಅವುಚಿಕೊಂಡು ಆಳದ ಕತ್ತಲಿಗೆ ಹಾರುತ್ತಾಳೆ. ನಮ್ಮ ಗುಂಡಿನಿಂದ ಆಗದ ಕೆಲಸ ಆ ಬುರುಡೆಯಿಂದ ಆಯಿತು. ಆಟದುದ್ದಕ್ಕೂ ಬಂದೂಕೇ ಉತ್ತರ ಅಂದುಕೊಂಡಿದ್ದ ನಮಗೆ ಅಲ್ಲಿ ಬಂದೂಕು ಹಿಡಿದ ಕೈ ಜೋಮು ಹಿಡಿದಂತಾಗುತ್ತದೆ. ಇನ್ನೂ ಒಂದು ಸಂಕಟದ ವಿಷಯ. ಅವಳ ಮೈಯಲ್ಲೇ ಬೆಳೆದ ಒಂದು ಅಂಶದಿಂದ ವಿಲಿಯಂ ಬರ್ಕಿನ್ ಎಂಬ ವಿಜ್ಞಾನಿ ಜಿ-ವೈರಸ್ ತಯಾರಿಸಿದ. ಕಂಪನಿಯವರು ಅದನ್ನು ಕಿತ್ತುಕೊಳ್ಳಲು ಬಂದು ಗುಂಡು ಹೊಡೆದಾಗ ಅವನು ಅದನ್ನು ತನಗೇ ಚುಚ್ಚಿಕೊಂಡ. ಆ ಗಲಾಟೆಯಲ್ಲಿ ಒಡೆದ ಸೀಸೆಗಳ ಟಿ-ವೈರಸ್ ಇಲಿಗಳ ಮೂಲಕ ಚರಂಡಿಯಿಂದ ಊರಿಗೆ ಹಬ್ಬಿತು. 1998ರ ಅಕ್ಟೋಬರ್ 1ರಂದು ರಕೂನ್ ಸಿಟಿಯನ್ನು ಕ್ಷಿಪಣಿಯಿಂದ ಸುಟ್ಟು ಹಾಕಿದರು. ಅತಿಥಿಯಾಗಿ ಬಂದ ಒಬ್ಬ ಹುಡುಗಿಗೆ ಮಾಡಿದ ಅನ್ಯಾಯದ ಎಳೆ ಒಂದು ಊರಿನ ಬೂದಿಯವರೆಗೆ ಹೋಗುತ್ತದೆ.

2021ರ ‘ವಿಲೇಜ್’ ಆಟದಲ್ಲಿ ಕೋಟೆಯ ಒಡತಿಯಾದ ಲೇಡಿ ಡಿಮಿಟ್ರೆಸ್ಕು ಆಟ ಬಿಡುಗಡೆಯಾಗುವ ಮೊದಲೇ ಜಗತ್ತಿಗೆಲ್ಲ ಗೊತ್ತಾದಳು. ಟೋಪಿ, ಹಿಮ್ಮಡಿ ಚಪ್ಪಲಿ ಸೇರಿ 2.9 ಮೀಟರ್ ಎತ್ತರ ಎಂದು ಕ್ಯಾಪ್‌ಕಾಮ್ ಅಧಿಕೃತವಾಗಿಯೇ ಹೇಳಿತು. ಬಿಳಿ ಗೌನು ತೊಟ್ಟು, ಬಾಗಿಲ ಚೌಕಟ್ಟಿನ ಕೆಳಗೆ ತಲೆ ಬಗ್ಗಿಸಿ ಒಳಗೆ ಬರುವ ಅವಳ ನೋಟ ಮರೆಯುವಂಥದ್ದಲ್ಲ. ಎಲ್ಲರ ಗಮನ ಎತ್ತರದ ಮೇಲೆ ಇತ್ತು. ಅವಳನ್ನು ಉಳಿಸಿದ್ದು ದನಿ ಎಂದು ನನ್ನ ನಂಬಿಕೆ. ದನಿ ಕೊಟ್ಟ ಮ್ಯಾಗಿ ರಾಬರ್ಟ್‌ಸನ್‌ಗೆ ಆ ವರ್ಷ ದಿ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಅಭಿನಯದ ಪ್ರಶಸ್ತಿ ಬಂತು. ತನಗಿಂತ ಮೇಲಿನವಳ ಜತೆ ಫೋನಿನಲ್ಲಿ ತಗ್ಗಿ ಮಾತಾಡಿ, ಫೋನ್ ಇಟ್ಟ ತಕ್ಷಣ ಸಿಟ್ಟಿಗೆ ಪೀಠೋಪಕರಣ ಎತ್ತಿ ಎಸೆಯುವ ದೃಶ್ಯದಲ್ಲಿ ಅವಳು ಒಂದು ದೊಡ್ಡ ಮನೆತನದ ಅಧೀನದಲ್ಲಿ ಬೆಂದ ಹೆಂಗಸಾಗಿ ಕಾಣುತ್ತಾಳೆ.

ಭಯದ ಮಾತಿಗೆ ಬಂದರೆ ಆ ಆಟದ ನಿಜವಾದ ಗೆಲುವು ಬೆನೆವಿಯೆಂಟೊ ಮನೆ. ಅಲ್ಲಿಗೆ ಹೋದ ಕೂಡಲೇ ನಿಮ್ಮ ಆಯುಧಗಳೆಲ್ಲ ಮಾಯ. ಗೊಂಬೆಗಳ ಮನೆ. ಕತ್ತಲ ಓಣಿಯಲ್ಲಿ ಮಗುವಿನ ಅಳು, ಆಮೇಲೆ ಆ ಮಗುವಿನ ದೈತ್ಯ ರೂಪ. ಮಾಡುವುದಕ್ಕೆ ಏನೂ ಇಲ್ಲ, ಮಂಚದ ಕೆಳಗೆ ತೆವಳಿ ಉಸಿರು ಹಿಡಿಯಬೇಕು. ಕಿತ್ತುಕೊಳ್ಳುವ ಕಲೆ ಅಲ್ಲಿ ನೇರವಾಗಿ, ಮುಚ್ಚುಮರೆ ಇಲ್ಲದೆ ಕಾಣುತ್ತದೆ.

ಎಲ್ಲರಿಗಿಂತ ಕೊನೆಗೆ ಇಟ್ಟುಕೊಂಡದ್ದು ಜ್ಯಾಕ್ ಬೇಕರ್‌ನನ್ನು. 2017ರ ಏಳನೇ ಆಟ. ಮೂರು ವರ್ಷದಿಂದ ಕಾಣೆಯಾದ ಹೆಂಡತಿಯನ್ನು ಹುಡುಕಿಕೊಂಡು ಈಥನ್ ಅಮೆರಿಕದ ಲೂಯಿಸಿಯಾನಾದ ಒಂದು ಹಳೇ ತೋಟದ ಮನೆಗೆ ಬರುತ್ತಾನೆ. ಎಚ್ಚರವಾದಾಗ ಊಟದ ಮೇಜಿನ ಮುಂದೆ ಕಟ್ಟಿಹಾಕಿರುತ್ತಾರೆ. ಸುತ್ತ ಒಂದು ಸಂಸಾರ: ಅಪ್ಪ ಜ್ಯಾಕ್, ಅಮ್ಮ ಮಾರ್ಗರೀಟ್, ಮಗ ಲೂಕಸ್, ಗಾಲಿಕುರ್ಚಿಯಲ್ಲಿ ಮಾತಿಲ್ಲದ ಅಜ್ಜಿ. ತಟ್ಟೆಯಲ್ಲಿ ಏನಿದೆ ಎಂದು ನೋಡಲು ಧೈರ್ಯ ಬರುವುದಿಲ್ಲ. ಅಪ್ಪ ಅನ್ನಿಸಿಕೊಂಡವನು ಬಲವಂತದಿಂದ ತಿನ್ನಿಸುತ್ತಾನೆ.

ಇಲ್ಲಿ ಕಿತ್ತುಕೊಂಡದ್ದು ಮನೆಯನ್ನೇ. ಅಡುಗೆಮನೆ, ಊಟದ ಮೇಜು, ಅಪ್ಪನ ದನಿ. ಹೊರಗಿನ ಸಹಾಯವೂ ಉಳಿಯುವುದಿಲ್ಲ. ಕಿಟಕಿಯಾಚೆ ಒಬ್ಬ ಪೊಲೀಸ್ ಬರುತ್ತಾನೆ, ಪಿಸ್ತೂಲ್ ಕೇಳಿದರೆ ಒಂದು ಚಿಕ್ಕ ಚಾಕು ಕೊಡುತ್ತಾನೆ, ಸ್ವಲ್ಪ ಹೊತ್ತಿನಲ್ಲೇ ಜ್ಯಾಕ್ ಕೈಯಲ್ಲಿ ಸಾಯುತ್ತಾನೆ. ಆಮೇಲೆ ಆ ಮನೆಯ ಓಣಿಗಳಲ್ಲಿ ಜ್ಯಾಕ್ ನಿಮ್ಮನ್ನು ಕೂಗುತ್ತಾ ಹುಡುಕುತ್ತಾನೆ, ಗೋಡೆ ಒಡೆದು ಬರುತ್ತಾನೆ. ಸುಟ್ಟರೂ, ಕೊಯ್ದರೂ ಮತ್ತೆ ಬರುತ್ತಾನೆ. ಅವನನ್ನು ದ್ವೇಷಿಸುವುದು ತುಂಬಾ ಸುಲಭ. ಆಟದ ಹೆಚ್ಚಿನ ಭಾಗ ನಾವು ಅದನ್ನೇ ಮಾಡುತ್ತೇವೆ.

ನಿಜ ಗೊತ್ತಾಗುವುದು ತಡವಾಗಿ. 2014ರ ಅಕ್ಟೋಬರಿನಲ್ಲಿ ಬಿರುಗಾಳಿ ಆದ ಮೇಲೆ ಒಡೆದ ಹಡಗಿನ ಬಳಿ ಬಿದ್ದಿದ್ದ ಒಬ್ಬ ಹೆಂಗಸನ್ನು, ಒಂದು ಹುಡುಗಿಯನ್ನು ಜ್ಯಾಕ್ ಮನೆಗೆ ಕರೆತಂದ. ಒದ್ದೆ ಬಟ್ಟೆ ಬದಲಿಸಿ ಮಲಗಿಸಿದರು. ಆ ಹುಡುಗಿ ಎವೆಲಿನ್. ಆಯುಧವಾಗಿ ಬೆಳೆಸಿದ ಮಗು. ಜನರ ಮೈಯೊಳಗೆ ಬೂಷ್ಟು ಬೆಳೆಸಿ ಮನಸ್ಸನ್ನು ಹಿಡಿಯಬಲ್ಲಳು. ಅವಳಿಗೆ ಬೇಕಿದ್ದದ್ದು ಒಂದು ಸಂಸಾರ. ಔಷಧ ಸಿಗದೆ ಬೇಗ ಬೇಗ ಮುದಿಯಾಗಿ, ಗಾಲಿಕುರ್ಚಿಯ ಆ ಅಜ್ಜಿಯಾಗಿ ಕೂತವಳೂ ಅವಳೇ. ಅಷ್ಟು ಹೊತ್ತು ನಾವು ಪಕ್ಕದಲ್ಲೇ ಹಾದು ಹೋಗುತ್ತಿದ್ದೆವು. ಆ ಮನೆಯಲ್ಲಿ ಮೊದಲಿನಿಂದಲೂ ಕ್ರೂರಿಯಾಗಿದ್ದವನು ಲೂಕಸ್ ಒಬ್ಬನೇ. ಅವನ ಮೈಯ ಸೋಂಕು ವಾಸಿಯಾಗಿತ್ತು, ತನ್ನಿಷ್ಟದಿಂದಲೇ ಕೆಟ್ಟದ್ದು ಮಾಡುತ್ತಿದ್ದ.

ಕೊನೆಯ ಹತ್ತಿರ, ಈಥನ್‌ಗೆ ಪ್ರಜ್ಞೆ ತಪ್ಪಿದಾಗ, ಅವನ ಮನಸ್ಸಿನೊಳಗೆ ಜ್ಯಾಕ್ ಕಾಣಿಸುತ್ತಾನೆ. ಈ ಸಲ ರಕ್ತ ಇಲ್ಲ, ಕೂಗಾಟ ಇಲ್ಲ. ಶುಭ್ರ ಬಟ್ಟೆಯ, ಸಮಾಧಾನದ ದನಿಯ ಒಬ್ಬ ನಡುವಯಸ್ಸಿನ ಯಜಮಾನ. ನಾವು ಕೆಟ್ಟವರಲ್ಲ, ಇದೆಲ್ಲ ನಮ್ಮ ಕೈಯಿಂದ ಆದದ್ದಲ್ಲ ಎಂದು ಹೇಳುತ್ತಾನೆ. ನನ್ನ ಸಂಸಾರವನ್ನು ಇದರಿಂದ ಬಿಡಿಸು ಎಂದು ಕೇಳಿಕೊಳ್ಳುತ್ತಾನೆ. ಅಷ್ಟು ಗಂಟೆ ಜೋಪಾನವಾಗಿ ಹಿಡಿದುಕೊಂಡಿದ್ದ ಸಿಟ್ಟನ್ನು ಜ್ಯಾಕ್ ಆ ಒಂದು ಮಾತಿನಲ್ಲಿ ನಮ್ಮ ಕೈಯಿಂದ ತೆಗೆದುಕೊಂಡು ಹೋಗುತ್ತಾನೆ.